ಶಾಲೆಯ ತಂಬೂರಿ: ಮಿರಜದ್ದೋ, ಕಲಕತ್ತೆಯದೋ?

ಹಳೆಯ ವಿದ್ಯಾರ್ಥಿಗಳು ಕೂಡಿ ತಮಗೆ ವಿದ್ಯೆಯಿತ್ತ ಮನೆಗೆ ಏನನ್ನಾದರೂ ಅರ್ಪಿಸಬೇಕೆಂದು ಸಂಕಲ್ಪಿಸಿದಾಗ ಗೋಡೆಯ ಗಡಿಯಾರ, ಪುಸ್ತಕದ ಕಪಾಟು, ಕುಡಿಯುವ ನೀರಿನ ಯಂತ್ರ ಇವುಗಳ ಸಾಲಿನಲ್ಲಿ ಹುಬ್ಬಳ್ಳಿ-ಧಾರವಾಡಗಳ ಕಡೆ ಕೇಳಿಬರುವ ಇನ್ನೊಂದು ಹೆಸರು ತಂಬೂರಿಯದು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಬಸವರಾಜ ರಾಜಗುರು ಇವರ ಹೆಸರುಗಳನ್ನು ಮನೆಮಾತಾಗಿ ಹೇಳಿಕೊಳ್ಳುವ ನಾಡಿನಲ್ಲಿ ಇದು ಸಹಜವೇ ಆಗಿದೆ. ಬೆಳಗಿನ ಪ್ರಾರ್ಥನೆಗೂ ವಚನಗಾಯನಕ್ಕೂ ತಂಬೂರಿಯ ನಾದ ಇರಲಿ ಎಂದು ಒಬ್ಬರು ಸೂಚಿಸಿದರೆ ಹತ್ತು ಜನ ಒಪ್ಪುತ್ತಾರೆ, ಹಣವೂ ಕೂಡುತ್ತದೆ. ತೊಡಕು ಹುಟ್ಟುವುದು ಆ ಬಳಿಕ. ಮಿರಜದ ತಂಬೂರಿಯನ್ನು ತರುವುದೋ, ಕಲಕತ್ತೆಯದನ್ನು ತರಿಸುವುದೋ? ಒಬ್ಬರು ಹತ್ತಿರದ ಊರಿನ ಪರವಾಗಿ ಮಾತನಾಡುತ್ತಾರೆ, ಮತ್ತೊಬ್ಬರು ದೂರದ ಊರಿನ ಕೀರ್ತಿಯನ್ನು ಹೇಳುತ್ತಾರೆ. ಕೊನೆಗೆ ಕೆತ್ತನೆಯ ಚೆಲುವನ್ನೋ ಬೆಲೆಯನ್ನೋ ನೋಡಿ ನಿರ್ಣಯವಾಗುತ್ತದೆ.

ಹೀಗೆ ನಿರ್ಣಯವಾದ ತಂಬೂರಿಗಳ ಗತಿಯನ್ನು ಕಾಣಬೇಕೆಂದರೆ ಬಹಳ ದೂರ ಹೋಗಬೇಕಾಗಿಲ್ಲ. ಎಷ್ಟೋ ಶಾಲೆಗಳ ಕಾರ್ಯಾಲಯದಲ್ಲಿ, ಗಾಜಿನ ಕಪಾಟಿನೊಳಗೆ, ದಾನಿಗಳ ಹೆಸರಿನ ಫಲಕದ ಪಕ್ಕದಲ್ಲಿ ಒಂದು ತಂಬೂರಿ ನಿಂತಿರುತ್ತದೆ. ಅದರ ಒಂದೆರಡು ತಂತಿಗಳು ಹರಿದಿರುತ್ತವೆ, ಕುದುರೆ ಓರೆಯಾಗಿರುತ್ತದೆ, ಬಿರಡೆಗಳು ತಿರುಗುವುದಿಲ್ಲ. ಮಕ್ಕಳು ಮಾತ್ರ ಹೊರಗೆ ಅಂಗಳದಲ್ಲಿ ಹಾರ್ಮೋನಿಯಂ ಸ್ವರಕ್ಕೆ ಕೂಗಿಕೊಂಡು ಹಾಡುತ್ತಿರುತ್ತಾರೆ. ಇದರಲ್ಲಿ ದಾನಿಗಳ ಔದಾರ್ಯಕ್ಕೆ ಕೊರತೆಯಿಲ್ಲ, ಶಿಕ್ಷಕರ ಶ್ರದ್ಧೆಗೂ ಕೊರತೆಯಿಲ್ಲ. ವಾದ್ಯವನ್ನು ಆರಿಸುವಾಗ ಕೇಳಬೇಕಾದ ಪ್ರಶ್ನೆಗಳನ್ನು ಯಾರೂ ಕೇಳಿರುವುದಿಲ್ಲ, ಅಷ್ಟೇ.

ಇಂದಿನ ತರುಣರು ಗಿಟಾರನ್ನು ಕೊಳ್ಳುವಾಗ ಕಂಪನಿಯ ಹೆಸರನ್ನು ಮೊದಲು ನೋಡುತ್ತಾರೆ. ಅದು ತಪ್ಪಲ್ಲ, ಒಂದೇ ಕಾರ್ಖಾನೆಯಲ್ಲಿ ಒಂದೇ ಅಳತೆಗೆ ತಯಾರಾದ ನೂರು ಗಿಟಾರುಗಳು ಬಹುಮಟ್ಟಿಗೆ ಒಂದೇ ತೆರನಾಗಿ ನುಡಿಯುತ್ತವೆ. ತಂಬೂರಿಯ ವಿಷಯದಲ್ಲಿ ಕಂಪನಿಯ ಸ್ಥಾನದಲ್ಲಿ ಊರು ಇದೆ. ಊರಿನ ಹೆಸರು ಒಂದು ಪರಂಪರೆಯನ್ನು ಸೂಚಿಸುತ್ತದೆಯೇ ಹೊರತು ಕೈಯಲ್ಲಿರುವ ವಾದ್ಯದ ಗುಣಕ್ಕೆ ಹೊಣೆಯಾಗುವುದಿಲ್ಲ. ಹೊಲದಲ್ಲಿ ಬೆಳೆದ ಕಾಯಿ, ಕಾಡಿನಲ್ಲಿ ಬೆಳೆದ ಮರ, ಒಬ್ಬ ಕುಶಲಿಯ ಕೈ ಈ ಮೂರು ಕೂಡಿ ಆದ ವಸ್ತು ಅದು. ಒಂದರಂತೆ ಇನ್ನೊಂದಿರುವುದು ಸಾಧ್ಯವಿಲ್ಲ.

ತಂಬೂರಿಯ ಅಂಗಗಳಿಗೆ ಕನ್ನಡದಲ್ಲಿ ಬಹು ಹಿಂದಿನಿಂದಲೂ ಸ್ವಂತ ಹೆಸರುಗಳಿವೆ. ದೇಹವನ್ನೇ ವಾದ್ಯವಾಗಿ ಕಲ್ಪಿಸಿಕೊಂಡ ಬಸವಣ್ಣನವರ ಪ್ರಸಿದ್ಧ ವಚನದಲ್ಲಿ ದಂಡಿಗೆ, ಸೋರೆ, ತಂತಿ ಎಂಬ ಮೂರು ಮಾತುಗಳೂ ಬಂದಿವೆ. ಹನ್ನೆರಡನೆಯ ಶತಮಾನದ ಆ ವಾದ್ಯ ಇಂದಿನ ತಂಬೂರಿಯೇ ಎಂದು ಹೇಳಲಾಗದಿದ್ದರೂ ಸೋರೆಯ ಬುರುಡೆಗೆ ದಂಡಿಗೆಯನ್ನು ಕೂಡಿಸಿ ತಂತಿ ಬಿಗಿಯುವ ಕ್ರಮ ಅಂದಿನದೇ. ಬುರುಡೆಯ ಬಾಯನ್ನು ಮುಚ್ಚುವ ತೆಳುವಾದ ಮರದ ಹಲಗೆಗೆ ಕುಶಲಿಗಳು ತಬಲಿ ಎನ್ನುತ್ತಾರೆ. ಅದರ ಮೇಲೆ ಕುಳಿತು ತಂತಿಗಳನ್ನು ಹೊರುವುದು ಕುದುರೆ. ತುದಿಯಲ್ಲಿ ಬಿರಡೆಗಳು, ಕುದುರೆಯ ಕೆಳಗೆ ಶ್ರುತಿಯನ್ನು ಕೂದಲೆಳೆಯಷ್ಟು ತಿದ್ದಲು ತಂತಿಗೆ ಪೋಣಿಸಿದ ಮಣಿಗಳು.

ಮಿರಜದಲ್ಲಿ ಈ ಉದ್ಯೋಗ ಬೇರೂರಿದ ಬಗೆ ಕುತೂಹಲಕರವಾಗಿದೆ. ಪಟವರ್ಧನ ಮನೆತನದ ಸಂಸ್ಥಾನವಾಗಿದ್ದ ಆ ಊರಿನಲ್ಲಿ ಶಿಕಲಗಾರರು ಖಡ್ಗಗಳಿಗೆ ಸಾಣೆ ಹಿಡಿದು ಬದುಕುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಕತ್ತಿಗಳಿಗೆ ಕೆಲಸವಿಲ್ಲದಂತಾದಾಗ ಅವರಲ್ಲಿ ಕೆಲವರು ವಾದ್ಯಗಳ ದುರಸ್ತಿಗೂ, ಆಮೇಲೆ ನಿರ್ಮಾಣಕ್ಕೂ ಕೈಯಿಟ್ಟರು. ಫರೀದಸಾಹೇಬ, ಮೊಯಿನುದ್ದೀನ ಎಂಬ ಸೋದರರನ್ನು ಈ ಪರಂಪರೆಯ ಮೂಲಪುರುಷರೆಂದು ಅಲ್ಲಿಯವರು ನೆನೆಯುತ್ತಾರೆ. ಅವರ ವಂಶಜರಿಗೆ ಸಿತಾರಮೇಕರ ಎಂಬುದೇ ಅಡ್ಡಹೆಸರಾಯಿತು. ಉಕ್ಕಿನ ಅಲಗನ್ನು ನೇರ್ಪುಗೊಳಿಸುತ್ತಿದ್ದ ಕೈಗೆ ಕುದುರೆಯ ಮೈಯನ್ನು ಕೂದಲೆಳೆಯಷ್ಟು ತಿದ್ದುವುದು ಕಠಿಣವಾಗಲಿಲ್ಲವೆಂದು ತೋರುತ್ತದೆ.

ಬುರುಡೆಗಳು ಅಲ್ಲಿಗೆ ಬರುವುದು ಭೀಮಾ ತೀರದ ಪಂಢರಪುರ, ಮಂಗಳವೇಢೆಗಳ ಪರಿಸರದಿಂದ. ಬಸವಣ್ಣನವರು ಕರಣಿಕರಾಗಿ ಕಾಯಕವನ್ನಾರಂಭಿಸಿದ ಮಂಗಳವೇಢೆಯೇ ಇದು. ತಿನ್ನಲು ಬಾರದ ಕಹಿ ಜಾತಿಯ ಸೋರೆಯನ್ನು ಬಳ್ಳಿಯಲ್ಲಿ ಚೆನ್ನಾಗಿ ಬಲಿಯಬಿಟ್ಟು, ತಿಂಗಳುಗಟ್ಟಲೆ ಒಣಗಿಸಿ, ಕೊರೆಯುವ ಮುನ್ನ ನೀರಿನಲ್ಲಿ ನೆನೆಸಿ ಮೆದು ಮಾಡಿ, ಬೇಕಾದ ಆಕಾರಕ್ಕೆ ತಂದು ಮತ್ತೆ ಒಣಗಿಸುತ್ತಾರೆ. ದಂಡಿಗೂ ತಬಲಿಗೂ ಬಳಸುವುದು ಬಹುತೇಕ ತೂನ್ ಎಂಬ ಕೆಂಪುಛಾಯೆಯ ಹಗುರ ಮರ. ಮಿರಜದ ತಂಬೂರಿಯ ಗುರುತೆಂದರೆ ಅದರ ದುಂಡಗಿನ ಭಾರಿ ಬುರುಡೆ. ಅಬ್ದುಲ್ ಕರೀಂಖಾನರು (1872–1937) ಮಿರಜದಲ್ಲಿ ನೆಲೆಸಿದ್ದರು, ಅವರ ಸಮಾಧಿಯೂ ಅಲ್ಲಿದೆ. ಅವರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ವಿದ್ಯೆ ಪಡೆದರು. ಮನಸೂರರು ಬಾಲ್ಯದಲ್ಲಿ ಕಲಿತದ್ದು ಮಿರಜದ ನೀಲಕಂಠಬುವಾ ಅವರಲ್ಲಿ. ರಾಜ್ಯಗಳು ಮರುವಿಂಗಡಣೆಯಾದ 1956ರ ತರುವಾಯ ಗಡಿಗೆರೆ ನಡುವೆ ಬಂದಿತಾದರೂ ಸಂಗೀತಕ್ಕೆ ಆ ಗೆರೆ ಕಾಣಿಸಿದಂತಿಲ್ಲ. 2024ರಲ್ಲಿ ಮಿರಜದ ಸಿತಾರಕ್ಕೂ ತಂಬೂರಿಗೂ ಕೇಂದ್ರ ಸರ್ಕಾರದ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ.

ಕಲಕತ್ತೆಯ ಕೀರ್ತಿ ಇದಕ್ಕೆ ಕಡಿಮೆಯದಲ್ಲ. ಊರಿನ ಹೆಸರು 2001ರಲ್ಲಿ ಕೋಲ್ಕತಾ ಎಂದು ಬದಲಾದರೂ ವಾದ್ಯದ ಅಂಗಡಿಗಳಲ್ಲಿ ಹಳೆಯ ಹೆಸರೇ ಓಡಾಡುತ್ತಿದೆ. ಚಿತ್ಪುರ ರಸ್ತೆಯ ಸಾಲು ಅಂಗಡಿಗಳು, ಹೇಮೇನ್, ಹಿರೇನ್ ರಾಯ್ ಮೊದಲಾದ ಹೆಸರುಗಳು ದೇಶ-ವಿದೇಶಗಳ ವಾದಕರಿಗೆ ಪರಿಚಿತವಾದವು. ಆದರೆ ಈ ಕೀರ್ತಿ ಮುಖ್ಯವಾಗಿ ಸಿತಾರ, ಸರೋದಗಳನ್ನು ಆಶ್ರಯಿಸಿ ಬೆಳೆದದ್ದು. ತಂಬೂರಿಯನ್ನೂ ಅಲ್ಲಿ ಚೆನ್ನಾಗಿ ಮಾಡುತ್ತಾರೆ. ಮರದ ಮೇಲೆ ಎಲೆಬಳ್ಳಿಗಳ ಕೆತ್ತನೆ, ಗಾಢವಾದ ಹೊಳಪು ಇವು ಕಣ್ಣನ್ನು ಸೆಳೆಯುತ್ತವೆ. ದಾನಪತ್ರದ ಛಾಯಾಚಿತ್ರದಲ್ಲಿ ಅದು ಮಿರಜದ್ದಕ್ಕಿಂತ ಸೊಗಸಾಗಿ ಕಂಡರೆ ಆಶ್ಚರ್ಯವಿಲ್ಲ.

ಇನ್ನು ಗುಣದ ವಿಚಾರ. ಇದರ ಮರ್ಮವೆಲ್ಲ ಕುದುರೆಯಲ್ಲಿದೆ. ಪಿಟೀಲಿನ ಕುದುರೆ ಚೂಪಾದದ್ದು. ತಂತಿ ಅದನ್ನು ಒಂದು ಬಿಂದುವಿನಲ್ಲಿ ಮುಟ್ಟುತ್ತದೆ. ತಂಬೂರಿಯ ಕುದುರೆ ಅಗಲವಾದದ್ದು, ಅದರ ಮೈ ಕಣ್ಣಿಗೆ ಸಮತಟ್ಟಾಗಿ ಕಂಡರೂ ಅತಿ ಸೂಕ್ಷ್ಮವಾಗಿ ಬಾಗಿರುತ್ತದೆ. ಮೀಟಿದ ತಂತಿ ಆ ಇಳಿಜಾರನ್ನು ನೇವರಿಸುತ್ತ ಕಂಪಿಸುವುದರಿಂದ ಅದು ಮುಟ್ಟುವ ಸ್ಥಾನ ಕ್ಷಣಕ್ಷಣಕ್ಕೂ ಹಿಂದೆ ಮುಂದೆ ಸರಿಯುತ್ತದೆ. ಒಂದೇ ಸ್ವರದೊಳಗಿಂದ ಅನೇಕ ಉಪಸ್ವರಗಳು ಒಂದಾದ ಮೇಲೊಂದು ಅರಳುವುದು ಇದರಿಂದಲೇ. ತಂತಿಯನ್ನು ಯಾವ ಸ್ಥಾನದಲ್ಲಿ ಮೀಟುತ್ತೇವೆಯೋ ಆ ಸ್ಥಾನದಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಲಾರವೆಂಬುದು ಪಾಶ್ಚಾತ್ಯ ಭೌತವಿಜ್ಞಾನದ ನಿಯಮವಾಗಿತ್ತು. ತಂಬೂರಿ, ವೀಣೆಗಳ ಕುದುರೆ ಈ ನಿಯಮವನ್ನು ಮೀರುತ್ತದೆಂದು, ಹುಟ್ಟಬಾರದ ಉಪಸ್ವರಗಳು ಇಲ್ಲಿ ಸ್ಪಷ್ಟವಾಗಿ ಕೇಳುತ್ತವೆಂದು ತೋರಿಸಿದವರು ಸರ್ ಸಿ. ವಿ. ರಾಮನ್, ಅವರ ಲೇಖನ ಪ್ರಕಟವಾದದ್ದು 1921ರಲ್ಲಿ. ಆಗ ಅವರು ಕಲಕತ್ತೆಯಲ್ಲಿಯೇ ಸಂಶೋಧನೆ ನಡೆಸುತ್ತಿದ್ದರು.

ಕುದುರೆಯ ಮೈಯನ್ನು ಅರದಿಂದ ಉಜ್ಜಿ ಈ ಬಾಗನ್ನು ತರುವ ಕೆಲಸಕ್ಕೆ ಜವಾರಿ ಎಂದು ಹೆಸರು. ನಮ್ಮ ಕಡೆಯ ಆಡುಮಾತಿನಲ್ಲಿ ಜವಾರಿ ಜೋಳ, ಜವಾರಿ ಬದನೆ ಎಂದರೆ ನಾಟಿ ತಳಿ. ಆ ಮಾತೇ ಬೇರೆ, ಈ ಮಾತೇ ಬೇರೆ. ಕುದುರೆಗೂ ತಂತಿಗೂ ನಡುವೆ ಹತ್ತಿಯ ಇಲ್ಲವೆ ರೇಶ್ಮೆಯ ಸಣ್ಣ ಎಳೆಯನ್ನಿಟ್ಟು ಅತ್ತಿತ್ತ ಸರಿಸಿದಾಗ ಒಂದು ಸ್ಥಾನದಲ್ಲಿ ನಾದ ಇದ್ದಕ್ಕಿದ್ದಂತೆ ತೆರೆದುಕೊಳ್ಳುತ್ತದೆ. ಆ ಎಳೆಗೆ ಜೀವಾಳವೆನ್ನುವುದು ಅನ್ವರ್ಥವಾಗಿದೆ. ಜವಾರಿ ಸರಿಯಿದ್ದು ಶ್ರುತಿ ಶುದ್ಧವಾಗಿದ್ದರೆ, ಷಡ್ಜಕ್ಕೆ ಕೂಡಿಸಿದ ಖರಜದ ತಂತಿಯಿಂದ ಯಾರೂ ಮೀಟದ ಗಾಂಧಾರ ತಾನೇ ಹೊಮ್ಮುತ್ತದೆ. ಇದರಲ್ಲಿ ಪವಾಡವೇನೂ ಇಲ್ಲ. ಅದು ಆ ತಂತಿಯ ಐದನೆಯ ಉಪಸ್ವರ. ಖರಜ ಸೆಕೆಂಡಿಗೆ ಸುಮಾರು 69 ಸಲ ಕಂಪಿಸಿದರೆ ಈ ಗಾಂಧಾರ 346 ಸಲ ಕಂಪಿಸುತ್ತದೆ. ಅದೇ ಷಡ್ಜಕ್ಕೆ ಹಾರ್ಮೋನಿಯಂ ಕೊಡುವ ಗಾಂಧಾರ 349ರ ಹತ್ತಿರ. ಮೂರು ಕಂಪನಗಳ ಈ ಅಂತರ ಅಲ್ಪವೆಂದು ತೋರಬಹುದು; ಆದರೆ ದಿನವೂ ತಂಬೂರಿಯ ಗಾಂಧಾರವನ್ನು ಕೇಳಿದ ಮಗುವಿನ ಕಿವಿಗೆ ಹಾರ್ಮೋನಿಯಂ ಗಾಂಧಾರ ತುಸು ಏರಿದೆಯೆಂದು ತಾನಾಗಿ ತಿಳಿಯುತ್ತದೆ. ಶಾಲೆಗೆ ತಂಬೂರಿ ಬೇಕಾದದ್ದು ಈ ಕಾರಣಕ್ಕೆ, ವೇದಿಕೆಯ ಅಲಂಕಾರಕ್ಕಲ್ಲ.

ಈ ಜವಾರಿ ಶಾಶ್ವತವಾದುದಲ್ಲ ಎಂಬುದನ್ನು ದಾನಿಗಳು ಸಾಮಾನ್ಯವಾಗಿ ತಿಳಿದಿರುವುದಿಲ್ಲ. ನಿತ್ಯವೂ ಮೀಟುವ ತಂಬೂರಿಯ ತಂತಿಗಳು ಕುದುರೆಯ ಮೇಲೆ ಮೆಲ್ಲಗೆ ಗೆರೆ ಕೊರೆಯುತ್ತವೆ. ಕೆಲವು ತಿಂಗಳುಗಳಲ್ಲಿ ನಾದ ಮಂಕಾಗುತ್ತದೆ. ಆಗ ಮತ್ತೆ ಅರ ಹಿಡಿಯಬೇಕು. ಅದು ಎಲ್ಲ ಬಡಿಗರಿಗೂ ಬರುವ ಕೆಲಸವಲ್ಲ. ಕಿವಿಯಿಲ್ಲದ ಕೈ ಅರವನ್ನೆತ್ತಿದರೆ ಕುದುರೆ ಕೆಟ್ಟಂತೆಯೇ. ಧಾರವಾಡದಿಂದ ಮಿರಜಕ್ಕೆ ಬೆಳಗಾವಿಯ ಮೇಲೆ ರೈಲಿನಲ್ಲಿ ಒಂದು ಹಗಲಿನ ದಾರಿ. ಕಲಕತ್ತೆ ಎರಡು ಸಾವಿರ ಕಿಲೋಮೀಟರಿನ ಹತ್ತಿರ. ತಂಬೂರಿಯನ್ನು ಒಮ್ಮೆ ಅಲ್ಲಿಂದ ತರಿಸಬಹುದು. ವರ್ಷವರ್ಷವೂ ಅಲ್ಲಿಗೆ ಕಳುಹಿಸುವುದು ಯಾವ ಶಾಲೆಗೆ ಸಾಧ್ಯ?

ಹವೆಯ ಮಾತೂ ಇದೆ. ವಂಗದೇಶದ ತೇವದ ಗಾಳಿಯಲ್ಲಿ ಹದಗೊಂಡ ಮರವನ್ನು ಧಾರವಾಡಕ್ಕೆ ತಂದರೆ ಮಾರ್ಚ್-ಎಪ್ರಿಲ್ ತಿಂಗಳುಗಳ ಒಣಗಾಳಿಗೆ ಅದು ಕುಗ್ಗುತ್ತದೆ. ಬುರುಡೆಗೂ ಮರದ ಕಂಠಕ್ಕೂ ನಡುವಿನ ಬೆಸುಗೆ ಬಿಡುವ ಭಯವಿರುತ್ತದೆ. ಮಿರಜದ ಹವೆ ನಮ್ಮದಕ್ಕೆ ಸಮೀಪವಾದದ್ದು. ಆದರೂ ಇದನ್ನು ಅತಿಯಾಗಿ ಹೇಳಬಾರದು. ಚೆನ್ನಾಗಿ ಹದಗೊಳಿಸಿದ ಮರ ಎಲ್ಲಿಂದ ಬಂದರೂ ಬಾಳುತ್ತದೆ, ಹಸಿ ಮರದಿಂದ ಮಾಡಿದ್ದು ಮಿರಜದ್ದಾದರೂ ಸೀಳುತ್ತದೆ.

ಊರಿಗಿಂತ ಮೊದಲು ನಿರ್ಣಯವಾಗಬೇಕಾದ ಮುಖ್ಯ ಸಂಗತಿ ಹಾಡುವವರ ಶ್ರುತಿ. ಗಂಡಸರ ತಂಬೂರಿ ಐದು ಅಡಿಯ ಸುಮಾರಿನದು, ಹಾರ್ಮೋನಿಯಂ ಲೆಕ್ಕದಲ್ಲಿ ಕರಿ ಒಂದು, ಕರಿ ಎರಡರ ಷಡ್ಜಕ್ಕೆ ಮಾಡಿದ್ದು. ಹೆಂಗಸರ ತಂಬೂರಿ ನಾಲ್ಕರಿಂದ ನಾಲ್ಕೂವರೆ ಅಡಿ. ಕರಿ ನಾಲ್ಕು, ಕರಿ ಐದರ ಸುಮಾರಿಗೆ ತಕ್ಕದ್ದು. ಶಾಲೆಯ ಬಾಲಕಿಯರೂ, ಧ್ವನಿ ಇನ್ನೂ ಒಡೆಯದ ಬಾಲಕರೂ ಹಾಡುವುದು ಬಹುಮಟ್ಟಿಗೆ ಈ ಎರಡನೆಯ ಶ್ರುತಿಯಲ್ಲಿ. ದಾನಿಗಳು ಮಾತ್ರ ದೊಡ್ಡ ಕಛೇರಿಗಳಲ್ಲಿ ಕಂಡ ದೊಡ್ಡ ತಂಬೂರಿಯನ್ನೇ ಬಯಸುತ್ತಾರೆ. ಅದನ್ನು ತಂದು ಮಕ್ಕಳಿಗಾಗಿ ಕರಿ ಒಂದರಿಂದ ಕರಿ ನಾಲ್ಕಕ್ಕೆ ಏರಿಸಿದರೆ ಆಗುವುದೇನು? ಷಡ್ಜದಿಂದ ಪಂಚಮಕ್ಕೆ ಏರಿಸಿದಂತೆ. ಕಂಪನ ಒಂದೂವರೆ ಪಟ್ಟಾಗುತ್ತದೆ. ತಂತಿಯ ಬಿಗಿತ ಕಂಪನದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ ಅದು ಎರಡೂಕಾಲು ಪಟ್ಟಾಗುತ್ತದೆ. ತಂತಿ ಹರಿಯುತ್ತದೆ, ಹರಿಯದಿದ್ದರೆ ತಬಲಿ ಕುಸಿಯುತ್ತದೆ. ಇತ್ತ ಚಿಕ್ಕ ತಂಬೂರಿಯನ್ನು ಗಂಡುಧ್ವನಿಗೆ ಇಳಿಸಿದರೆ ತಂತಿ ಸಡಿಲಾಗಿ ಜವಾರಿ ಹಾರಿಹೋಗುತ್ತದೆ, ಏಕೆಂದರೆ ಜವಾರಿಯನ್ನು ಕೂಡಿಸುವುದೇ ಒಂದು ನಿರ್ದಿಷ್ಟ ಶ್ರುತಿಗೆ. ಗಾಜಿನ ಕಪಾಟು ಸೇರಿದ ತಂಬೂರಿಗಳಲ್ಲಿ ಅನೇಕವು ಈ ಒಂದು ತಪ್ಪಿನಿಂದಲೇ ಕೆಟ್ಟವು. ಗಂಡಸರು, ಹೆಂಗಸರು ಎಂಬ ಈ ವಿಂಗಡಣೆಯೂ ಅಂಗಡಿಯ ಮಾತು; ಗಂಟಲಿನ ಚಿಕಿತ್ಸೆಯ ತರುವಾಯ ಗಂಗೂಬಾಯಿಯವರ ಧ್ವನಿ ಗಂಡುಧ್ವನಿಯಷ್ಟು ಗಂಭೀರವಾದದ್ದನ್ನು ಎಲ್ಲರೂ ಬಲ್ಲರು. ಆದ್ದರಿಂದ ಅಂಗಡಿಯಲ್ಲಿ ಹೇಳಬೇಕಾದದ್ದು ಶ್ರುತಿಯನ್ನು.

ಇವೆಲ್ಲವನ್ನೂ ನೋಡಿದರೆ ಹುಬ್ಬಳ್ಳಿ-ಧಾರವಾಡದ ಶಾಲೆಗೆ ಮಿರಜದ ತಂಬೂರಿಯೇ ಯೋಗ್ಯವೆನ್ನಲು ಅಡ್ಡಿಯಿಲ್ಲ. ಅದರ ನಾದ ಕಲಕತ್ತೆಯದಕ್ಕಿಂತ ಮಿಗಿಲೆಂಬ ವಾದದಿಂದಲ್ಲ. ಆ ವಾದಕ್ಕೆ ಕೊನೆಯೇ ಇಲ್ಲ. ಮಾಡಿದವನ ಕೈ ವಾದ್ಯಕ್ಕೆ ಮತ್ತೆ ಮತ್ತೆ ಎಟುಕುವಂತಿದೆ ಎಂಬುದರಿಂದ. ಹಣ ಒಂದಕ್ಕೇ ಸಾಲುವಂತಿದ್ದರೆ ಕರಿ ನಾಲ್ಕಕ್ಕೆ ಮಾಡಿದ ಸಾದಾ ತಂಬೂರಿಯೊಂದನ್ನು ತರಬೇಕು. ಕೆತ್ತನೆಗೆ ಕೊಡುವ ಹಣವನ್ನು ಉಳಿಸಬೇಕು. ಉಳಿದದ್ದನ್ನು ಬ್ಯಾಂಕಿನಲ್ಲಿ ಠೇವಣಿಯಿಟ್ಟು, ಅದರ ಬಡ್ಡಿಯಲ್ಲಿ ಪ್ರತಿವರ್ಷ ಜವಾರಿಯೂ ಹೊಸ ತಂತಿಗಳೂ ಆಗುವಂತೆ ಗೊತ್ತುಮಾಡಿದರೆ ಆ ದಾನ ಪೂರ್ಣವಾಗುತ್ತದೆ. ಫಲಕದ ಮೇಲೆ ಈ ಠೇವಣಿಯ ಹೆಸರು ಬರುವುದಿಲ್ಲ ಎಂಬುದು ನಿಜ.

ಸಿತಾರವನ್ನು ಕೊಳ್ಳುವ ಪ್ರಸಂಗ ಬಂದರೆ ಲೆಕ್ಕ ಬೇರೆಯಾಗುತ್ತದೆ. ಸಿತಾರರತ್ನ ರಹಿಮತ್ ಖಾನರೂ ಅವರ ಮೊಮ್ಮಗ ಬಾಲೇಖಾನರೂ (1942–2007) ನೆಲೆಗೊಳಿಸಿದ ಪರಂಪರೆಯಿರುವ ಧಾರವಾಡದಲ್ಲಿ ಬಲ್ಲ ವಾದಕರಿದ್ದಾರೆ. ಸಿತಾರದಲ್ಲಿ ಕಲಕತ್ತೆಯ ಹೆಸರಿಗೆ ತೂಕ ಹೆಚ್ಚು, ಕಲಿಸುವ ಗುರುವಿನ ಶೈಲಿಯನ್ನನುಸರಿಸಿ ತಂತಿಗಳ ವಿನ್ಯಾಸವೂ ಬದಲಾಗುತ್ತದೆ. ಅಲ್ಲಿ ಗುರುವಿನ ಮಾತೇ ಪ್ರಮಾಣ.

ವಿದ್ಯುನ್ಮಾನ ತಂಬೂರಿಯಿರಲು ಈ ಗೊಡವೆಯೇಕೆ ಎಂದು ಕೇಳುವವರಿದ್ದಾರೆ. ಬೆಂಗಳೂರಿನ ಜಿ. ರಾಜನಾರಾಯಣರು 1979ರಲ್ಲಿ ಅಂಥದೊಂದನ್ನು ರೂಪಿಸಿ ಗಾಯಕರಿಗೆ ದೊಡ್ಡ ಉಪಕಾರ ಮಾಡಿದರು. ಈಗಂತೂ ಮೊಬೈಲಿನಲ್ಲಿಯೇ ತಂಬೂರಿ ನುಡಿಯುತ್ತದೆ. ಮನೆಯ ಅಭ್ಯಾಸಕ್ಕೆ, ಪ್ರವಾಸಕ್ಕೆ ಅದು ಒದಗುತ್ತದೆ. ಆದರೆ ಅದರಲ್ಲಿ ಶ್ರುತಿ ಕೂಡಿಸುವ ಕೆಲಸವೇ ಇಲ್ಲ. ಬಿರಡೆಯನ್ನು ತಿರುಗಿಸಿ, ಮಣಿಯನ್ನು ಸರಿಸಿ, ಎರಡು ಷಡ್ಜಗಳು ಒಂದಾಗುವ ಕ್ಷಣಕ್ಕೆ ಕಾದು ಕುಳಿತ ಮಗು ಕಲಿಯುವುದನ್ನು ಗುಂಡಿ ಒತ್ತಿದ ಮಗು ಕಲಿಯುವುದಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳಿಂದಲೂ (1892–1944) ಪುಟ್ಟರಾಜ ಗವಾಯಿಗಳಿಂದಲೂ (1914–2010) ಕಲಿತ ಅಂಧ ವಿದ್ಯಾರ್ಥಿಗಳಿಗೆ ಕಿವಿಯೊಂದೇ ದಾರಿದೀಪವಾಗಿತ್ತು. ಆ ಕಿವಿಯೇ ಅವರಲ್ಲಿ ಎಷ್ಟೋ ಜನರಿಗೆ ಅನ್ನವನ್ನೂ ಕೊಟ್ಟಿತು.

ಮಿರಜಕ್ಕೆ ಹೋಗುವಾಗ ಸಂಗೀತ ಶಿಕ್ಷಕರು ತಪ್ಪದೆ ಹೋಗಬೇಕು. ಸಾಧ್ಯವಾದರೆ ಪ್ರಾರ್ಥನೆಯನ್ನು ನಡೆಸುವ ಒಬ್ಬ ವಿದ್ಯಾರ್ಥಿನಿಯನ್ನೂ ಅವಳ ಮನೆಯವರೊಡನೆ ಕರೆದೊಯ್ಯಬೇಕು. ಅವಳು ಷಡ್ಜ ಹಿಡಿದು ಹಾಡಲಿ; ಅದಕ್ಕೆ ಕೂಡಿಸಿದ ನಾಲ್ಕಾರು ತಂಬೂರಿಗಳನ್ನು ಒಂದೊಂದಾಗಿ ಕೇಳಲಿ. ದಂಡಿಯನ್ನು ತುದಿಯಿಂದ ಒಂದು ಕಣ್ಣು ಮುಚ್ಚಿ ನೋಡಿದರೆ ಬಾಗು ಗೊತ್ತಾಗುತ್ತದೆ. ತಬಲಿಯ ಎಳೆಗಳು ಉದ್ದಕ್ಕೆ ನೇರವಾಗಿರಬೇಕು, ಗಂಟಿರಬಾರದು. ಬುರುಡೆಯ ಬಿರುಕುಗಳನ್ನು ತುಂಬಿ ಮೇಲೆ ಬಣ್ಣ ಬಳಿದಿರುವುದುಂಟು. ಬೆರಳಿನಿಂದ ಸುತ್ತಲೂ ಮೆಲ್ಲಗೆ ತಟ್ಟಿದರೆ ತುಂಬಿದ ಜಾಗ ಬೇರೆಯಾಗಿ ನುಡಿಯುತ್ತದೆ. ಕುದುರೆ ಯಾವುದರದೆಂದು ಕೇಳಬೇಕು. ಹಳೆಯ ದಂತದ ಕುದುರೆಯ ಆಸೆಯನ್ನು ಯಾರಾದರೂ ತೋರಿಸಿದರೆ ಒಪ್ಪಬಾರದು, ಆನೆಯ ದಂತದ ವ್ಯಾಪಾರ ಈಗ ಕಾನೂನಿಗೆ ವಿರುದ್ಧ. ಎಲ್ಲಕ್ಕೂ ಮೊದಲು ಖರಜದ ತಂತಿಯೊಂದನ್ನೇ ಮೀಟಿ, ಮಾತನ್ನು ನಿಲ್ಲಿಸಿ, ಆ ನಾದ ಎಷ್ಟು ಹೊತ್ತು ಉಳಿಯುತ್ತದೆ, ಉಳಿದಷ್ಟು ಹೊತ್ತು ಏನೇನಾಗುತ್ತದೆ ಎಂಬುದನ್ನು ಕೇಳಬೇಕು.

ತರುವಾಗ ತಂತಿಗಳನ್ನು ಸಡಿಲಿಸಿ, ಕುದುರೆ ಜಾರದಂತೆ ತಬಲಿಯ ಮೇಲೆ ಮೆತ್ತನೆಯ ಬಟ್ಟೆ ಕಟ್ಟಿ, ಬುರುಡೆಗೆ ಕೌದಿ ಸುತ್ತಬೇಕು. ರೈಲಿನಲ್ಲಿ ಸಾಮಾನಿನ ಡಬ್ಬಿಗೆ ಹಾಕಬಾರದು, ಮೇಲಿನ ಹಲಗೆಯ ಮೇಲೂ ಇಡಬಾರದು. ಇಬ್ಬರು ಹೋದರೆ ಒಬ್ಬರ ಮಡಿಲಾದರೂ ಅದಕ್ಕೆ ಸಿಗುತ್ತದೆ. ಶಾಲೆಗೆ ಬಂದ ಮೇಲೆ ಎರಡು ದಿನ ಹಾಗೆಯೇ ಇರಿಸಿ, ಇಲ್ಲಿಯ ಗಾಳಿಗೆ ಹೊಂದಿಕೊಂಡ ಬಳಿಕ ಮೆಲ್ಲಗೆ ಶ್ರುತಿಗೇರಿಸಬೇಕು. ಕಪಾಟಿಗೆ ಬೀಗ ಬೇಕೇ ಬೇಕೆಂದಾದರೆ ಅದರ ಕೀಲಿ ಸಂಗೀತ ಶಿಕ್ಷಕರ ಕೈಯಲ್ಲಿರಲಿ.